ಕಂಡಕ್ಟರನ ತಲೆ ತಿರುಗಿಸಿದ ಬಸ್ಸು

ದೇವದುರ್ಗದ ಸುಂಕಪ್ಪ ಸರ್ಕಾರಿ ಬಸ್ಸಿನ ಡ್ರೈವರಾಗಿದ್ದವನು. ರಿಟೈರಾದ ಮೇಲೂ ಊರವರ ಬಾಯಲ್ಲಿ ಅವನು ಡ್ರೈವರ್ ಸುಂಕಪ್ಪನೇ. ನಿಜ ಹೇಳಬೇಕೆಂದರೆ ನೌಕರಿಯ ಕಡೆಗಾಲದಲ್ಲಿ ಅವನು ಸ್ಟೇರಿಂಗ್ ಮುಟ್ಟಿರಲೇ ಇಲ್ಲ. ಎದೆನೋವು ಬಂದು ರಾಯಚೂರಿನಲ್ಲಿ ಸ್ಟೆಂಟ್ ಹಾಕಿಸಿಕೊಂಡು ಬಂದವನಿಗೆ ಡಿಪೋದವರು ಲೈಟ್ ಡ್ಯೂಟಿ ಕೊಟ್ಟು, ಬಸ್ ಸ್ಟ್ಯಾಂಡಿನ ವಿಚಾರಣೆ ಕೋಣೆಯಲ್ಲಿ ಮೈಕಿನ ಮುಂದೆ ಕೂರಿಸಿದರು. ಯಾವ ಬಸ್ಸು ಎಲ್ಲಿಗೆ ಹೊರಟಿದೆ ಎಂದು ಕೂಗುವುದು ಕೆಲಸ. ಕಂಡವರು ಓಡಿಸುವ ಬಸ್ಸಿಗೆ ತಾನು ಕೂಗು ಹಾಕುವುದು ಅವನಿಗೆ ಹಿಡಿಸಲಿಲ್ಲ. ಹಿಡಿಸಲಿಲ್ಲವೆಂದು ಯಾರ ಮುಂದೆಯೂ ಹೇಳಲೂ ಇಲ್ಲ. ಕೂಗಿದ, ಪಗಾರ ತಗೊಂಡ, ಹಾರ ಹಾಕಿಸಿಕೊಂಡು ಮನೆಗೆ ಬಂದ.

ಮಗಳು ಸುಜಾತಾ ರಾಯಚೂರಿನಲ್ಲಿ ಕಾಲೇಜು ಲೆಕ್ಚರರು. ಅವಳು ಲ್ಯಾಪ್‌ಟಾಪ್ ಕೊಂಡ ಮೇಲೆ ಹಳೇ ಕಂಪ್ಯೂಟರು ದೇವದುರ್ಗದ ಮನೆಗೆ ಬಂತು. ಅಪ್ಪ ಸುಮ್ಮನೆ ಕಟ್ಟೆಯ ಮೇಲೆ ಕೂತು ಹೋಗಿಬರುವ ಬಸ್ಸುಗಳ ತಪ್ಪು ಎಣಿಸುವುದನ್ನು ನೋಡಲಾರದೆ ಒಂದು ರಜೆಯಲ್ಲಿ ಅದರೊಳಗೆ ಬಸ್ ಓಡಿಸುವ ಆಟ ಹಾಕಿಕೊಟ್ಟಳು. ಯಾರೋ ಪುಣ್ಯಾತ್ಮರು ಆ ಆಟಕ್ಕೆ ನಮ್ಮ ಕಡೆಯಂಥ ರೋಡು, ನಮ್ಮ ಕಡೆಯಂಥ ಬಸ್ಸು ಮಾಡಿ ಹಾಕಿದ್ದರು. ಸುಂಕಪ್ಪ ಮೊದಮೊದಲು ಮೂಗು ಮುರಿದ. ಆಮೇಲೆ ಮೇಜಿಗೆ ಬಿಗಿಯುವ ಸ್ಟೇರಿಂಗ್ ಒಂದನ್ನು ತಾನೇ ತರಿಸಿಕೊಂಡ. ಹೆಂಡತಿ ಬಸ್ಸಮ್ಮ ರೊಟ್ಟಿ ಬಡಿಯುತ್ತ, "ಮನ್ಯಾಗ ಕುಂತು ಬಸ್ ಬಿಡಾಕತ್ತೀ. ಟಿಕೀಟ್ ಯಾರು ಕೊಡ್ತಾರಪಾ?" ಎಂದು ನಕ್ಕಳು.

ಆ ಮಾತಿಗೆ ಸುಂಕಪ್ಪನಿಗೆ ಜಿಲಾನಿ ಪಾಷಾ ನೆನಪಾದ.

ಜಿಲಾನಿ ಪಾಷಾ ಮಾನ್ವಿಯವನು, ಬಹಳ ವರ್ಷ ಇವನ ಕಂಡಕ್ಟರು. ದೇವದುರ್ಗದಿಂದ ಸಿರವಾರ, ಮಾನ್ವಿ, ನೀರಮಾನ್ವಿ, ಕಲ್ಲೂರು ದಾಟಿ ರಾಯಚೂರಿಗೆ ಇಬ್ಬರೂ ಜೋಡಿಯಾಗಿ ಓಡಾಡಿದವರು. ಇಬ್ಬರೂ ಒಬ್ಬರ ಮುಖ ಒಬ್ಬರು ಕಂಡದ್ದು ಕಡಿಮೆ. ಜಿಲಾನಿಗೆ ಹಿಂದಿನಿಂದ ಕಾಣುವ ಸುಂಕಪ್ಪನ ಹೆಡಕು ಗೊತ್ತು, ಸುಂಕಪ್ಪನಿಗೆ ಜಿಲಾನಿಯ ದನಿ ಗೊತ್ತು. ಆ ಜಿಲಾನಿಗೆ ಹಿಂದಿನ ವರ್ಷ ಲಕ್ವಾ ಹೊಡೆದು ಬಲಗೈ ಬಲಗಾಲು ಬಿದ್ದಿದ್ದವು. ಮಾತು ತಿರುಗಿ ಬಂದಿತ್ತು, ಆದರೆ ತುಂಡು ತುಂಡಾಗಿ. ಟೀವಿಯ ಎದುರು ಮಂಚ ಹಾಕಿಸಿಕೊಂಡು ಬಿದ್ದಿರುತ್ತಿದ್ದ.

ಸುಂಕಪ್ಪ ಸುಜಾತಾಳಿಗೆ ಫೋನು ಮಾಡಿ, ಆಟವನ್ನು ವಿಡಿಯೋ ಹಿಡಿಯುವುದು ಹೇಗೆಂದು ಕೇಳಿಕೊಂಡ. ಬಸ್ಸು ಓಡಿಸುತ್ತ ಮೈಕಿನಲ್ಲಿ ತಾನೇ ಊರುಗಳ ಹೆಸರು ಹೇಳಿದ. ಆಟದ ಯಾವುದೋ ಅನಾಮಿಕ ಹಳ್ಳಿ ಸಿರವಾರವಾಯಿತು, ಇನ್ನೊಂದು ನೀರಮಾನ್ವಿಯಾಯಿತು. ಅದನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಮಾನ್ವಿಯ ಬಸ್ಸು ಹತ್ತಿದ.

ಪೆನ್‌ಡ್ರೈವ್ ಟೀವಿಗೆ ಸಿಕ್ಕಿಸಿದ ಮೇಲೆ ಜಿಲಾನಿ ನೋಡುತ್ತ ಎಡಗೈಯಿಂದ ದಿಂಬು ಸರಿಮಾಡಿಕೊಂಡ. ಮುಖ ಅರಳಿತು. ಸ್ವಲ್ಪ ಹೊತ್ತಿಗೆ ಕಣ್ಣು ಮುಚ್ಚಿದ.

"ಬಂದ್ ಮಾಡು," ಎಂದ.

"ಯಾಕೋ?"

"ತಲಿ... ತಿರಗಾಕತ್ತದ."

ಅವನ ಹೆಂಡತಿ ಖುರ್ಷೀದ್ ಬೇಗಂ ಬೀಪಿ ಏರಿತೆಂದು ಗಾಬರಿಯಾಗಿ ನೀರು ತಂದಳು. ಸುಂಕಪ್ಪ ಟೀವಿಯನ್ನೇ ದಿಟ್ಟಿಸಿದ. ಬಸ್ಸು ನೆಟ್ಟಗೆ ಹೋಗುತ್ತಿತ್ತು. ಕಣ್ಣು ಪಿಳುಕಿಸುವಷ್ಟು ಹೊತ್ತು ನಿಲ್ಲುತ್ತಿತ್ತು. ಗಕ್ಕನೆ ಮುಂದಕ್ಕೆ ಜಿಗಿಯುತ್ತಿತ್ತು. ಮತ್ತೆ ನೆಟ್ಟಗೆ, ಮತ್ತೆ ಜಿಗಿತ. ಆರೋಗ್ಯವಂತನಿಗೂ ತಲೆ ತಿರುಗುವ ಹಾಗಿತ್ತು. ಅವನಿಗೆ ನಾಚಿಕೆಯಾಯಿತು. ತನ್ನ ಡ್ರೈವಿಂಗಿಗೆ ಇಂಥ ಮಾತು ಯಾವ ಪ್ಯಾಸೆಂಜರೂ ಅಂದಿರಲಿಲ್ಲ.

ಮೊದಲು ಟೀವಿಯದೇ ದೋಷ ಅಂದುಕೊಂಡ. ದೇವದುರ್ಗಕ್ಕೆ ಬಂದು ಕಂಪ್ಯೂಟರಿನಲ್ಲೇ ಹಾಕಿ ನೋಡಿದರೆ ಅಲ್ಲೂ ಅದೇ ಜಿಗಿತ. ಓಡಿಸುವಾಗ ಮಾತ್ರ ಬಸ್ಸು ಬೆಣ್ಣೆಯ ಮೇಲೆ ಹೋದಂತೆ ಹೋಗುತ್ತಿತ್ತು. ಹಾಗಾದರೆ ದೋಷ ಹಿಡಿಯುವುದರಲ್ಲಿದೆ.

ಸುಂಕಪ್ಪನಿಗೆ ಗೊತ್ತಿದ್ದದ್ದು ಇಂಜಿನ್ನು. ಇಂಜಿನ್ನು ಹೀಗೆ ಎಳೆದೆಳೆದು ಓಡಿದರೆ ಡೀಸೆಲ್ ಸರಿಯಾಗಿ ಬರುತ್ತಿಲ್ಲವೆಂದೇ ಅರ್ಥ. ಕಂಪ್ಯೂಟರಿಗೂ ಅದೇ ರೋಗ ಎಂದು ತೀರ್ಮಾನಿಸಿ, ವಿಡಿಯೋ ತುಂಬಿಕೊಳ್ಳುವ ಡಿಸ್ಕು ಕಟ್ಟಿಕೊಂಡಿದೆ ಅಂದುಕೊಂಡ. ಒಳಗಿದ್ದದ್ದನ್ನೆಲ್ಲ ಅಳಿಸಿ ಜಾಗ ಮಾಡಿದ. ಅಳಿಸಿದ್ದರಲ್ಲಿ ಮೊಮ್ಮಗಳ ತೊಟ್ಟಿಲ ಕಾರ್ಯದ ವಿಡಿಯೋನೂ ಹೋಯಿತು. ಸುಜಾತಾಳ ಹತ್ತಿರ ಇನ್ನೊಂದು ಕಾಪಿ ಇದೆಯೆಂದು ತಿಳಿಯುವ ತನಕ ಬಸ್ಸಮ್ಮ ಅವನಿಗೆ ಚಹಾ ಕೊಡಲಿಲ್ಲ. ಜಿಗಿತ ಹಾಗೇ ಇತ್ತು. ರಾಯಚೂರಿಗೆ ಹೋಗಿ ಒಂದು ಅಂಗಡಿಯಲ್ಲಿ ಕೇಳಿದರೆ, ಅವರೂ ಇವನ ಮಾತಿಗೇ ತಲೆಯಾಡಿಸಿ ಹೊಸ ಡಿಸ್ಕು ಹಾಕಿಕೊಟ್ಟರು. ಕಂಪ್ಯೂಟರು ಬೇಗ ಚಾಲೂ ಆಗತೊಡಗಿತು. ವಿಡಿಯೋ ಜಿಗಿಯುವುದು ಬಿಡಲಿಲ್ಲ. ಚಿತ್ರದ ಗುಣಮಟ್ಟ ಇಳಿಸಿ ನೋಡಿದ. ಕೆಸರು ಸಿಡಿದ ಗಾಜಿನೊಳಗಿಂದ ನೋಡಿದಂತಾಯಿತೇ ಹೊರತು ಬೇರೇನೂ ಆಗಲಿಲ್ಲ.

ಕೊನೆಗೆ ಒಂದು ಭಾನುವಾರ ಜಿಲಾನಿಯ ಮಗಳು ಮಿನಾಜ್ ತಾನೇ ದೇವದುರ್ಗಕ್ಕೆ ಬಂದಳು. ಮಾನ್ವಿಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವವಳು. ತನ್ನ ಅಬ್ಬಾ ದಿನಾ ಬಸ್ಸಿನ ವಿಡಿಯೋ ಕೇಳುತ್ತಾರೆ, ಹಾಕಿದರೆ ಕಣ್ಣು ಮುಚ್ಚುತ್ತಾರೆ, ಇದಕ್ಕೊಂದು ದಾರಿ ಮಾಡಬೇಕು ಎಂದು ಬಂದಿದ್ದಳು. ಬಸ್ಸಮ್ಮ ಕೊಟ್ಟ ಉಪ್ಪಿಟ್ಟು ತಿಂದು ಕಂಪ್ಯೂಟರಿನ ಮುಂದೆ ಕೂತಳು.

"ಕಾಕಾ, ಡಿಸ್ಕಿಂದೇನೂ ತಪ್ಪಿಲ್ರಿ," ಎಂದಳು. "ರೆಕಾರ್ಡ್ ಮಾಡೋ ಸಾಫ್ಟ್‌ವೇರ್ ತಾನೇ ವರದಿ ಬರೀತದ. ಇಲ್ಲಿ ನೋಡ್ರಿ, ಚಿತ್ರಾನೇ ಕೈಗಿ ಸಿಗಲಿಲ್ಲ ಅಂತ ಬರದದ. ಸಿಗದಿದ್ದದ್ದು ಡಿಸ್ಕಿಗೆ ಹೆಂಗ ಹೋಗಬೇಕು?"

"ಯಾಕ ಸಿಗವಲ್ದು?"

"ನೀವು ಬಸ್ ಬಿಡ್ರಿ, ತೋರಸ್ತೀನಿ."

ಸುಂಕಪ್ಪ ಬಸ್ಸು ಬಿಟ್ಟ. ಮಿನಾಜ್ ಪರದೆಯ ಮೂಲೆಯಲ್ಲಿ ಅಂಕಿಗಳು ಕಾಣುವ ಹಾಗೆ ಮಾಡಿದಳು. ಚಿತ್ರ ಬರೆಯುವ ಗ್ರಾಫಿಕ್ಸ್ ಕಾರ್ಡಿನ ಅಷ್ಟೂ ಶಕ್ತಿಯನ್ನು ಆಟವೊಂದೇ ನುಂಗುತ್ತಿತ್ತು. ಪರದೆ ತೋರಿಸುವುದು ಸೆಕೆಂಡಿಗೆ ಅರವತ್ತು ಚಿತ್ರ, ವಿಡಿಯೋ ಹಿಡಿಯುವುದೂ ಅರವತ್ತು. ಆಟ ಮಾತ್ರ ನೂರರ ಮೇಲೆ ಬರೆದು ಚೆಲ್ಲುತ್ತಿತ್ತು.

"ರೆಕಾರ್ಡ್ ಮಾಡಾಕೂ ಇದೇ ಕಾರ್ಡ್ ಬೇಕು ಕಾಕಾ. ಆಟ ಅದಕ್ಕ ಉಸಿರಾಡಾಕ ಜಾಗಾನೇ ಬಿಡವಲ್ದು. ಅರವತ್ತಕ್ಕ ಮಿತಿ ಹಾಕಿದ್ರ ಆತು."

ಸುಂಕಪ್ಪ ಸ್ಟೇರಿಂಗಿನಿಂದ ಕೈ ತೆಗೆದ.

"ಸ್ಪೀಡ್ ಲಾಕ್ ಹಾಕ್ತೀನಂತೀ ಅನ್ನು."

"ಹಂಗೇ ಅನ್ಕೋರಿ."

ಹಿಂದೆ ಬಸ್ಸುಗಳಿಗೆ ಸ್ಪೀಡ್ ಲಾಕ್ ಬಂದಾಗ ಡಿಪೋದಲ್ಲಿ ಎಲ್ಲರಿಗಿಂತ ಜೋರಾಗಿ ಒದರಾಡಿದವನು ಅವನೇ. ಓವರ್‌ಟೇಕ್ ಮಾಡುವಾಗ ಬಸ್ಸು ಕೈಕೊಟ್ಟರೆ ಯಾರು ಜವಾಬ್ದಾರಿ ಎಂದು ಮ್ಯಾನೇಜರನ ಮೇಜು ಗುದ್ದಿದ್ದ. ಈಗ ತನ್ನ ಮನೆಯ ಬಸ್ಸಿಗೇ ಅದನ್ನು ಹಾಕಿಸಬೇಕೆಂದರೆ ಮನಸ್ಸು ಒಪ್ಪಲೊಲ್ಲದು.

"ಗಾಡಿ ಸಾವಕಾಶ ಆಗ್ತದೇನು?"

"ಇಲ್ರಿ. ಬಸ್ ಅಷ್ಟೇ ಓಡ್ತದ. ಚಿತ್ರ ಬರಿಯೋದಷ್ಟೇ ಕಡಿಮಿ. ಒಮ್ಮಿ ನೋಡ್ರಿ, ಬ್ಯಾಡಾದ್ರ ತಗದು ಬಿಡ್ತೀನಿ."

ಮಿತಿ ಹಾಕಿ ಓಡಿಸಿದಾಗ ಸುಂಕಪ್ಪನ ಕಣ್ಣಿಗೆ ಏನೂ ವ್ಯತ್ಯಾಸ ಕಾಣಲಿಲ್ಲ. ರೆಕಾರ್ಡ್ ಆದದ್ದನ್ನು ಹಾಕಿದಳು. ನೆಟ್ಟನೆಯ ದಾರಿಯಲ್ಲಿ ಬಸ್ಸು ನೀರಿನ ಹಾಗೆ ಹರಿಯಿತು. ದಟ್ಟ ಮರಗಳಿದ್ದ ತಿರುವಿನಲ್ಲಿ ಮಾತ್ರ ಇನ್ನೂ ಸಣ್ಣಗೆ ತೊದಲಿತು. ಮಿನಾಜ್ ಹುಡುಕಿ, ಮರದ ನೆರಳು ಬರೆಯುವುದಕ್ಕೇ ಕಾರ್ಡು ಏದುಸಿರು ಬಿಡುತ್ತಿದೆ ಎಂದು ನೆರಳು ತೆಗೆದುಹಾಕಿದಳು. ತೊದಲು ನಿಂತಿತು.

"ನೆಳ್ಳಿಲ್ಲದ್ದಕ್ಕ ಗಿಡ ಅಂತಾರೇನವ್ವಾ?" ಎಂದು ಸುಂಕಪ್ಪ ಗೊಣಗಿದ. "ಬಿಸಲಾಗ ಜನ ಎಲ್ಲಿ ನಿಂದರಬೇಕು?"

ಮಿನಾಜ್ ನಗಲಿಲ್ಲ. ಒಂದಿಷ್ಟು ನೆರಳು ಉಳಿಸಿ ಮತ್ತೆ ಪರೀಕ್ಷೆ ಮಾಡಿದಳು. ಕಡ್ಡಿಯಂಥ ನೆರಳು ಉಳಿಯಿತು; ವಿಡಿಯೋನೂ ಸರಿಹೋಯಿತು. ಸುಂಕಪ್ಪ ಅಷ್ಟಕ್ಕೆ ಒಪ್ಪಿದ. ಅವಳನ್ನು ಬಸ್ ಸ್ಟ್ಯಾಂಡಿಗೆ ಬಿಟ್ಟು ಬರುವಾಗ, ಅಂಗಡಿಯವರ ಮುಂದೆ ಡೀಸೆಲ್ ವಿಚಾರ ತಾನು ಅಷ್ಟು ಖಾತ್ರಿಯಾಗಿ ಹೇಳಬಾರದಿತ್ತು ಅಂದುಕೊಂಡ.

ಮುಂದಿನ ವಾರ ಹೊಸ ವಿಡಿಯೋ ಮಾನ್ವಿಗೆ ಹೋಯಿತು. ಜಿಲಾನಿ ಈ ಸಲ ಕಣ್ಣು ಮುಚ್ಚಲಿಲ್ಲ. ಸಿರವಾರ ದಾಟಿತು. ಟೀವಿಯೊಳಗೆ ದಾರಿಬದಿಯಲ್ಲಿ ಒಬ್ಬ ಹೆಂಗಸು ಕೈಮಾಡಿ ನಿಂತಿದ್ದಳು. ಬಸ್ಸು ಅವಳನ್ನು ದಾಟಿ ಮುಂದಕ್ಕೆ ಹೋಯಿತು.

"ಹೋಲ್ಡಾನ್!" ಎಂದು ಜಿಲಾನಿ ಬಸ್ಸು ನಿಲ್ಲಿಸುವ ಕಂಡಕ್ಟರನ ದನಿಯಲ್ಲಿ ಒದರಿದ.

ಒಳಗಿದ್ದ ಖುರ್ಷೀದ್ ಬೇಗಂ ಓಡಿಬಂದಳು.

"ಅದು ಗೊಂಬಿ ಐತಿ ಮಾರಾಯ," ಎಂದ ಸುಂಕಪ್ಪ.

"ಗೊಂಬಿ ಆದ್ರೇನು? ಕೈ... ಕೈ ಮಾಡ್ಯಾಳಲ್ಲ." ಜಿಲಾನಿಗೆ ನಿಜವಾಗಿಯೂ ಸಿಟ್ಟು ಬಂದಿತ್ತು. "ಮುಂದಿನ ಬಸ್... ಯಾವಾಗ ಅದ ಅಕಿಗಿ?"

ಸುಂಕಪ್ಪ ಅಲ್ಲಿಂದ ಮುಂದೆ ವಿಡಿಯೋ ಮಾಡುವಾಗ ಕೈ ಮಾಡಿದ ಗೊಂಬೆಗೆಲ್ಲ ಬಸ್ಸು ನಿಲ್ಲಿಸತೊಡಗಿದ. ಹೀಗಾಗಿ ವಿಡಿಯೋಗಳು ಉದ್ದವಾದವು. ಡಿಪೋದ ಹಳೇ ಗೆಳೆಯರು ತಮಗೂ ಕಳಿಸೆಂದರು. ಒಬ್ಬಿಬ್ಬರು ಗೇರು ಹಾಕಿದ್ದು ತಪ್ಪೆಂದು ಫೋನಿನಲ್ಲಿ ವಾದ ಹೂಡಿದರು. ಮಿನಾಜ್ ತನ್ನ ಕೆಲಸ ಮುಗಿಯಿತೆಂದು ಆ ಕಡೆ ತಲೆ ಹಾಕಲಿಲ್ಲ. ಜಿಲಾನಿಯ ಕೈ ಹಾಗೇ ಇದೆ, ಮಾತೂ ಹಾಗೇ ತುಂಡು ತುಂಡು.

ಸುಂಕಪ್ಪ ತಿಂಗಳಿಗೆ ಒಂದೆರಡು ಸಲ ಮಾನ್ವಿಗೆ ಹೋಗಿಬರುತ್ತಾನೆ. ಹೋದ ಸಲ ಖುರ್ಷೀದ್ ಬೇಗಂ ಟೀವಿ ಮುಂದೆ ಕೂತು ಪುಂಡಿಪಲ್ಲೆಯ ಎಲೆ ಬಿಡಿಸಿ ಸೋಸುತ್ತಿದ್ದಳು. ಸೋಸಿ ಮುಗಿಯಿತು. ಬಸ್ಸು ಇನ್ನೂ ನೀರಮಾನ್ವಿಯಲ್ಲೇ ಜನ ಹತ್ತಿಸಿಕೊಳ್ಳುತ್ತಿತ್ತು.

"ಭಾಯ್, ಈ ಬಸ್ ರಾಯಚೂರಿಗಿ ಮುಟ್ಟೋದು ಯಾವಾಗ್ರಿ?" ಎಂದಳು.

ಸುಂಕಪ್ಪ ಬಾಯಿ ತೆರೆಯುವುದರೊಳಗೆ ಜಿಲಾನಿ ಹೇಳಿದ: "ಮುಟ್ತದ. ಕುಂದ್ರು."