ಭದ್ರಾವತಿಯ ಎರಡನೆಯ ಯಂತ್ರ

ದೆವ್ವ, ಪವಾಡ, ಅತೀಂದ್ರಿಯ ಶಕ್ತಿ ಮುಂತಾದ ಮಾತು ಬಂದರೆ ಎದ್ದು ಹೋಗುವ ಜಾತಿ ನನ್ನದು. ಯಾರಾದರೂ ಇಂಥ ಕಥೆ ಶುರು ಮಾಡಿದರೆ ಮುಖ ಸಿಂಡರಿಸುತ್ತಿದ್ದೆ. ಹೇಳುವವರು ಒಂದೋ ಸುಳ್ಳು ಹೇಳುತ್ತಾರೆ, ಇಲ್ಲವೇ ಸರಿಯಾಗಿ ನೋಡಿರುವುದಿಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯವಾಗಿತ್ತು. ಈಗ ನಾನೇ ಹೇಳಲು ಕೂತಿದ್ದೇನೆ. ನೀವು ಮುಖ ಸಿಂಡರಿಸಿದರೆ ನನಗೇನೂ ಬೇಸರವಿಲ್ಲ.

ಎರಡು ಸಾವಿರದ ಇಸವಿ ದಾಟಿದ ಹೊಸತು. ಶಿವಮೊಗ್ಗದ ದುರ್ಗಿಗುಡಿಯಲ್ಲಿದ್ದ ಒಂದು ಖಾಸಗಿ ರಕ್ತನಿಧಿಯಲ್ಲಿ ನಾನು ಕಂಪ್ಯೂಟರ್ ವಿಭಾಗ ನೋಡಿಕೊಳ್ಳುತ್ತಿದ್ದೆ. ಭದ್ರಾವತಿಯಲ್ಲೂ ಅದರ ಒಂದು ಶಾಖೆಯಿತ್ತು. ಯಾರು ಯಾವಾಗ ರಕ್ತ ಕೊಟ್ಟರು, ಯಾರದು ಯಾವ ಗುಂಪು, ಅವರನ್ನು ಹಿಡಿಯುವುದು ಹೇಗೆ, ಎಲ್ಲವೂ ಕಂಪ್ಯೂಟರಿನಲ್ಲೇ. ರಕ್ತನಿಧಿಯ ಯಜಮಾನರಾದ ಡಾಕ್ಟರಿಗೆ ಹೊಸದರ ಹುಚ್ಚು ಬಹಳ. ಕಂಪ್ಯೂಟರ್ ಬಂದ ವರ್ಷವೇ ಹಳೆಯ ರಿಜಿಸ್ಟರುಗಳನ್ನೆಲ್ಲ ಗುಜರಿಗೆ ಹಾಕಿಸಿದ್ದರು. ಬೇಡ ಎಂದು ಎಷ್ಟು ಹೇಳಿದರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಹಾಗಾಗಿ ಆ ಮಾಹಿತಿ ಯಾವ ಕಾರಣಕ್ಕೂ ಕೈಗೆ ಸಿಗದಂತಾಗಬಾರದು ಎಂದು ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡು ಒಂದು ವ್ಯವಸ್ಥೆ ಮಾಡಿದ್ದೆ. ಅದರ ತಿರುಳು ಸುಲಭ. ಶಿವಮೊಗ್ಗದಲ್ಲಿ ಒಂದು ಮುಖ್ಯ ಯಂತ್ರ, ಅಂದರೆ ಸರ್ವರ್. ಭದ್ರಾವತಿಯಲ್ಲಿ ಅದರ ಜೋಡಿ. ಇಲ್ಲಿ ಬರೆದದ್ದೆಲ್ಲ ಫೋನ್ ಇಲಾಖೆಯಿಂದ ಬಾಡಿಗೆಗೆ ಪಡೆದ ತಂತಿಯ ಮೂಲಕ ಆ ಕ್ಷಣವೇ ಅಲ್ಲೂ ಬರೆದಾಗುತ್ತಿತ್ತು. ಬೆಂಕಿ ಬೀಳಲಿ, ನೆರೆ ನುಗ್ಗಲಿ, ಒಂದು ಸತ್ತರೆ ಇನ್ನೊಂದು ಎದ್ದು ನಿಲ್ಲಬೇಕು. ಎರಡೂ ಒಟ್ಟಿಗೆ ಮಲಗಬಾರದು, ಅಷ್ಟೇ ನಿಯಮ. ಅದೊಂದನ್ನು ಮುರಿದರೆ ಉಳಿದದ್ದೆಲ್ಲ ಬರೀ ಶೋಕಿ.

ಆ ನಿಯಮ ಮುರಿದದ್ದು ಆಯುಧಪೂಜೆಯ ದಿನ.

ಪೂಜೆಯ ಮೇಲೆ ನನಗೇನೂ ದ್ವೇಷವಿಲ್ಲ. ನಮ್ಮಮ್ಮ ಹೊಲಿಗೆ ಯಂತ್ರಕ್ಕೂ ಈಳಿಗೆಮಣೆಗೂ ಪೂಜೆ ಮಾಡುತ್ತಿದ್ದಳು. ಆದರೆ ನಮ್ಮ ಡಾಕ್ಟರು ಎರಡೂ ಯಂತ್ರಗಳನ್ನು ಒಂದೇ ಮುಹೂರ್ತಕ್ಕೆ ಆರಿಸಿ, ಒಟ್ಟಿಗೆ ಪೂಜೆ ಮಾಡಿ, ಮರುದಿನ ವಿಜಯದಶಮಿಯ ಬೆಳಗ್ಗೆ ಒಟ್ಟಿಗೇ ಚಾಲೂ ಮಾಡಬೇಕೆಂದು ಅಪ್ಪಣೆ ಕೊಡಿಸಿದರು. ಒಂದಕ್ಕೆ ಇವತ್ತು, ಇನ್ನೊಂದಕ್ಕೆ ನಾಳೆ ಮಾಡೋಣ ಸಾರ್ ಎಂದು ಬೇಡಿಕೊಂಡೆ.

"ಅಲ್ಲ ಮಾರಾಯ್ರೇ, ವರ್ಷಕ್ಕೊಂದು ದಿನ ಅದಕ್ಕೂ ರೆಸ್ಟ್ ಬೇಡ್ವಾ? ಗಂಡಹೆಂಡ್ತಿ ಇದ್ದಂಗೆ ಅವೆರಡೂ. ಒಬ್ರಿಗೆ ಅರಿಶಿನ ಹಚ್ಚಿ ಇನ್ನೊಬ್ರನ್ನ ದುಡಿಸೋಕಾಗುತ್ತಾ?" ಎಂದರು. ಸುತ್ತ ನಿಂತವರು ಕಿಸಕ್ಕನೆ ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು. ಪೂಜೆ ಮುಗಿಯುವವರೆಗೂ ಹೊರಗೆ ರಸ್ತೆಯಲ್ಲೇ ನಿಂತಿದ್ದೆ.

ಆಮೇಲೆ ಒಳಗೆ ಬಂದು ನೋಡಿದೆ. ಚಪ್ಪಲಿ ಹಾಕಿಕೊಂಡು ಯಾರೂ ಕಾಲಿಡಬಾರದೆಂದು ಕಾಪಾಡಿದ್ದ ಕೋಣೆಯಲ್ಲಿ ಮಂಡಕ್ಕಿ, ಬಾಳೆಸಿಪ್ಪೆ, ಕುಂಕುಮದ ನೀರು. ಕಾಯಿ ಒಡೆಯಲು ಕಲ್ಲು ಸಿಗಲಿಲ್ಲವೆಂದು ಯಾರೋ ಮಹಾನುಭಾವರು ಯಂತ್ರದ ಕಬ್ಬಿಣದ ಅಂಚಿಗೇ ಕುಟ್ಟಿದ್ದರು. ಗಾಳಿಯಾಡಲು ಬಿಟ್ಟ ಸಂದುಗಳಿಂದ ಕಾಯಿನೀರು ಒಳಕ್ಕಿಳಿದಿತ್ತು. ಮೇಲೆ ಹೆಚ್ಚಿಟ್ಟ ನಿಂಬೆಹಣ್ಣು, ಅದರ ಮೇಲೆ ಆಗಲೇ ಇರುವೆ. ಒರೆಸಲು ಬಟ್ಟೆ ತಂದರೆ, "ಪೂಜೆ ಕದಲಿಸಬೇಡಿ" ಎಂದು ಡಾಕ್ಟರು ಗದರಿಸಿದರು. ಅಂಥ ಹೇಸಿಗೆ ನನಗೆ ಯಾವ ಗಟಾರ ಕಂಡೂ ಆಗಿಲ್ಲ.

ಮಧ್ಯಾಹ್ನ ಊಟದ ಹೊತ್ತು ಮೀರುವಾಗ ನಾಗರಾಜ ಎಂಬಾತ ಓಡಿಬಂದ. ಲೇತ್ ಕೆಲಸದವನು, ಕೈಯಲ್ಲಿ ಇನ್ನೂ ಪೂಜೆಯ ಕಂಕಣವಿತ್ತು. ರವೀಂದ್ರನಗರದ ನರ್ಸಿಂಗ್ ಹೋಮಿನಲ್ಲಿ ಅವನ ಹೆಂಡತಿ ರತ್ನಳಿಗೆ ಹೆರಿಗೆಯಾಗಿತ್ತು. ಮಗು ಚೆನ್ನಾಗಿತ್ತು, ತಾಯಿಗೆ ರಕ್ತಸ್ರಾವ ನಿಂತಿರಲಿಲ್ಲ. ಕೂಡಲೇ ರಕ್ತ ಬೇಕೆಂದು ಅಲ್ಲಿನ ಡಾಕ್ಟರ ಚೀಟಿಯನ್ನೂ ಆಕೆಯ ರಕ್ತದ ಮಾದರಿಯನ್ನೂ ತಂದಿದ್ದ. ನಮ್ಮ ಪ್ರಯೋಗಾಲಯದ ವೀಣಾ ಪರೀಕ್ಷೆ ಮಾಡಿ ನೋಡಿದರೆ ಶೇಖರಿಸಿಟ್ಟ ಯಾವ ರಕ್ತವೂ ಹೊಂದಲಿಲ್ಲ. ಮತ್ತೆ ಮಾಡಿದಳು. ಆಮೇಲೆ ನನ್ನ ಹತ್ತಿರ ಬಂದು ಸಣ್ಣ ದನಿಯಲ್ಲಿ, "ಸಾರ್, ಇದು ಬಾಂಬೆ ಗುಂಪು. ದಾನಿಗಳ ಹೆಸರು ತೆಗೆದುಕೊಡಿ, ಬೇಗ" ಎಂದಳು.

ತೀರಾ ಅಪರೂಪದ ಗುಂಪು ಅದು. ಆ ಗುಂಪಿನವರಿಗೆ ಅದೇ ಗುಂಪಿನವರ ರಕ್ತವೇ ಆಗಬೇಕು, ಬೇರೆ ಯಾವುದು ಕೊಟ್ಟರೂ ವಿಷವಾಗುತ್ತದೆ. ಇಡೀ ಜಿಲ್ಲೆಯಲ್ಲಿ ಅಂಥ ದಾನಿಗಳು ಬೆರಳೆಣಿಕೆಯಷ್ಟು. ಅವರು ಯಾರೆಂಬುದು ಗೊತ್ತಿದ್ದದ್ದು ಹೂವಿನ ಹಾರ ಹಾಕಿಕೊಂಡು ಮಲಗಿದ್ದ ಆ ಯಂತ್ರಕ್ಕೆ ಮಾತ್ರ.

ನಾನು ಹಾರ ಕಿತ್ತೆಸೆದೆ. ಡಾಕ್ಟರು ಒಂದು ಕ್ಷಣ ಅಡ್ಡ ಬಂದು, "ನಾಳೆ ಬೆಳಗ್ಗೆವರೆಗೂ ಮುಟ್ಟಬಾರ್ದಲ್ರೀ..." ಎಂದರು. ಬಾಗಿಲಲ್ಲಿ ನಾಗರಾಜ ನಿಂತಿದ್ದ. ಅವನ ಮುಖ ಕಂಡು ಮಾತು ನುಂಗಿದರು. ಆ ಅರ್ಧ ಮಾತನ್ನು ನಾನು ಅವರಿಗೆ ಇವತ್ತಿಗೂ ಕ್ಷಮಿಸಿಲ್ಲ. ಒರೆಸಿ, ಒಣಗಿಸಿ, ಸ್ವಿಚ್ ಹಾಕಿದೆ. ಒಳಗೆ ಏನೋ ಠಪ್ಪೆಂದು ಸಿಡಿದು, ಸುಟ್ಟ ವಾಸನೆಯೂ ಕಾಯಿಯ ಸಿಹಿ ವಾಸನೆಯೂ ಒಟ್ಟಿಗೆ ಬಂತು. ಮುಖ್ಯ ಯಂತ್ರದ ಕಥೆ ಅಲ್ಲಿಗೆ ಮುಗಿಯಿತು.

ಭದ್ರಾವತಿಗೆ ಫೋನ್ ಮಾಡಿದೆ. ಶಾಖೆಯಲ್ಲಿ ಗಂಟೆ ಹೊಡೆದುಕೊಳ್ಳುತ್ತಲೇ ಇತ್ತು. ಪಕ್ಕದ ಅಂಗಡಿಗೆ ಮಾಡಿ ವಿಚಾರಿಸಿದರೆ, ಅಲ್ಲಿನ ಉಸ್ತುವಾರಿ ಸೆಲ್ವರಾಜ್ ಪೂಜೆ ಮುಗಿಸಿ, ಬೀಗ ಹಾಕಿಕೊಂಡು, ಸಂಸಾರ ಸಮೇತ ಹೆಂಡತಿಯ ತವರಿಗೆ ಬಸ್ಸು ಹತ್ತಿದ್ದ. ಕೀಲಿಕೈ ಅವನ ಜೇಬಿನಲ್ಲಿ. ನಮ್ಮ ವ್ಯಾನುಗಳು ಬಾಳೆಕಂದು ಕಟ್ಟಿಕೊಂಡು ನಿಂತಿದ್ದವು, ಡ್ರೈವರುಗಳೆಲ್ಲ ಊರಿಗೆ ಹೋಗಿದ್ದರು. ನಾನೇ ಬೈಕಿನಲ್ಲಿ ಹೋಗಿ ಬೀಗ ಒಡೆಯುವುದೆಂದು ಎದ್ದೆ. ಹೋಗಿ, ಒಡೆದು, ಯಂತ್ರ ಚಾಲೂ ಮಾಡಿ, ಹೆಸರು ಹುಡುಕಿ, ಆ ಮನುಷ್ಯ ಸಿಕ್ಕಿ, ಅವನು ಇಲ್ಲಿಗೆ ಬಂದು ಸೇರುವಷ್ಟರಲ್ಲಿ ಏನಾಗುತ್ತದೆ ಎಂಬುದು ವೀಣಾಳಿಗೂ ಗೊತ್ತಿತ್ತು. ನಾಗರಾಜ ನನ್ನ ತೋಳು ಹಿಡಿದುಕೊಂಡು, "ಅಣ್ಣಾ, ಹೆಸರು ಒಂದು ಹೇಳಣ್ಣ, ನಾನು ಹೊತ್ಕೊಂಡ್ ಬರ್ತೀನಿ ಅವ್ರನ್ನ" ಎನ್ನುತ್ತಿದ್ದ.

ಎದ್ದವನು ಮತ್ತೆ ಕೂತೆ. ಯಾಕೆ ಎಂದು ಕೇಳಿದರೆ ಕೈಯ ಅಭ್ಯಾಸ ಎಂದಷ್ಟೇ ಹೇಳಬಲ್ಲೆ. ಮೊದಲನೆಯದು ಸತ್ತರೆ ಎರಡನೆಯದನ್ನು ಕರೆಯಬೇಕು ಎಂದು ನಾನೇ ಎಲ್ಲರಿಗೂ ಹೇಳಿಕೊಟ್ಟು, ನಾನೇ ಎಷ್ಟೋ ಸಲ ಮಾಡಿ ತೋರಿಸಿದ್ದೆ. ನನ್ನ ಮೇಜಿನ ಕಂಪ್ಯೂಟರ್ ಹಚ್ಚಿ ಭದ್ರಾವತಿಯ ಯಂತ್ರದ ಹೆಸರು ಒತ್ತಿದೆ. ಉತ್ತರ ಬರುತ್ತದೆಂಬ ನಿರೀಕ್ಷೆ ಇರಲಿಲ್ಲ.

ಬಂತು. ಎಂದಿನಂತೆ ಗುಪ್ತಪದ ಕೇಳಿತು, ಕೊಟ್ಟೆ. ಬಾಂಬೆ ಗುಂಪಿನ ದಾನಿಗಳನ್ನು ತೋರಿಸು ಎಂದೆ. ತೋರಿಸಿತು. ಎಲ್ಲರಿಗಿಂತ ಹತ್ತಿರದವರು ಹೊಳೆಹೊನ್ನೂರಿನಲ್ಲಿ ಅಕ್ಕಿಗಿರಣಿ ಇಟ್ಟುಕೊಂಡಿದ್ದ ಒಬ್ಬರು. ವೀಣಾ ನನ್ನ ಬೆನ್ನ ಹಿಂದೆಯೇ ನಿಂತು ಫೋನ್ ನಂಬರನ್ನು ಗಟ್ಟಿಯಾಗಿ ಓದಿದಳು, ನಾನು ಡಯಲ್ ಮಾಡಿದೆ. ಆ ಕಡೆಯವರು ಇನ್ನೊಂದು ಮಾತು ಕೇಳದೆ, "ಹೊರಟೆ" ಎಂದು ಫೋನಿಟ್ಟರು. ಸ್ಕೂಟರಿನಲ್ಲಿ ಬಂದು ರಕ್ತ ಕೊಟ್ಟರು. ಸಂಜೆ ದೀಪ ಹಚ್ಚುವ ಹೊತ್ತಿಗೆ ರತ್ನಳ ಜೀವಕ್ಕೆ ಅಪಾಯವಿಲ್ಲ ಎಂದು ನರ್ಸಿಂಗ್ ಹೋಮಿನಿಂದ ಸುದ್ದಿ ಬಂತು. ವೀಣಾ ಅತ್ತಳು. ನಾನೂ ಅತ್ತೆ.

ಆಗ ನನಗೆ ಇದರಲ್ಲಿ ವಿಚಿತ್ರವೇನೂ ಕಂಡಿರಲಿಲ್ಲ. ಸೆಲ್ವರಾಜ್ ಡಾಕ್ಟರ ಅಪ್ಪಣೆಯನ್ನು ಗಾಳಿಗೆ ತೂರಿ ಯಂತ್ರ ಆರಿಸದೆ ಬಿಟ್ಟಿದ್ದಾನೆ, ಎಂಥ ಬುದ್ಧಿವಂತ ಎಂದುಕೊಂಡೆ. ಮರುದಿನ ಬೆಳಗ್ಗೆ ಅವನ ಕೈ ಕುಲುಕಲೆಂದೇ ಭದ್ರಾವತಿಗೆ ಹೋದೆ. ನಾನು ಬೈಕ್ ನಿಲ್ಲಿಸುವುದಕ್ಕೂ ಅವನು ಬಸ್ ಸ್ಟ್ಯಾಂಡಿನಿಂದ ಚೀಲ ಹಿಡಿದು ಬರುವುದಕ್ಕೂ ಸರಿಹೋಯಿತು. ಬೆನ್ನು ತಟ್ಟಿ, ಆರಿಸದೆ ಬಿಟ್ಟದ್ದು ಒಳ್ಳೆಯದಾಯಿತು ಮಾರಾಯ ಎಂದೆ. ಅವನ ಮುಖ ಬಿಳುಚಿಕೊಂಡಿತು.

"ಅಯ್ಯೋ, ಯಾರು ಹೇಳಿದ್ದು ಸಾರ್? ಆಫ್ ಮಾಡ್ದೆ ಸಾರ್, ಮುರುಗನಾಣೆ ಆಫ್ ಮಾಡ್ದೆ. ಡಾಕ್ಟರ್ ಹತ್ರ ಏನೂ ಹೇಳ್ಬೇಡಿ ಸಾರ್."

ಬೀಗ ತೆಗೆದ. ಒಳಗಿನ ವಾಸನೆಗೆ ಮೂಗು ಮುಚ್ಚಿಕೊಂಡೆ. ಹಿಂದಿನ ದಿನದ ಬಾಳೆಹಣ್ಣು ಕಪ್ಪಾಗಿ ರಸ ಸುರಿಸುತ್ತಿತ್ತು, ಅದರ ಮೇಲೆ ಜಿರಲೆಗಳು. ಯಂತ್ರದ ಸುತ್ತ ಅರಿಶಿನದ ದಾರ ಸುತ್ತಿ ಗಂಟು ಹಾಕಿತ್ತು. ಕರೆಂಟಿನ ವೈರನ್ನು ಯಂತ್ರದಿಂದಲೇ ಕಿತ್ತು, ಹಾವಿನಂತೆ ಸುರುಳಿ ಸುತ್ತಿ, ಅದಕ್ಕೂ ಕುಂಕುಮವಿಟ್ಟು ತಟ್ಟೆಯಲ್ಲಿಟ್ಟಿದ್ದ. ವೈರ್ ಸಿಕ್ಕಿಸುವ ಜಾಗಕ್ಕೆ ಮೆತ್ತಿದ ಗಂಧ ಒಣಗಿ ಬಿರುಕು ಬಿಟ್ಟಿತ್ತು, ಒಡೆದಿರಲಿಲ್ಲ. ಕರೆಂಟು ಹೋದಾಗ ಯಂತ್ರ ನಡೆಸುವ ಯುಪಿಎಸ್‌ನ ಬ್ಯಾಟರಿಗಳನ್ನು ಬಿಚ್ಚಿ ನೆಲದ ಮೇಲೆ ಸಾಲಾಗಿ ಜೋಡಿಸಿ ಒಂದೊಂದಕ್ಕೂ ಒಂದೊಂದು ಸೇವಂತಿಗೆ. ಗೋಡೆಯ ಮೇನ್ ಸ್ವಿಚ್ಚೇ ಕೆಳಗಿತ್ತು. ಪಾಪ, ಹೇಳಿದ್ದನ್ನು ಅವನು ಚಾಚೂ ತಪ್ಪದೆ ಮಾಡಿದ್ದ. ಕೈಯಿಟ್ಟು ನೋಡಿದೆ. ಯಂತ್ರ ತಣ್ಣಗಿತ್ತು.

ಎಲ್ಲವನ್ನೂ ನಾನೇ ಜೋಡಿಸಿ ಚಾಲೂ ಮಾಡಿದೆ. ಯಂತ್ರ ತಾನು ಮಾಡಿದ ಕೆಲಸವನ್ನೆಲ್ಲ ತಾನೇ ದಾಖಲಿಸಿಕೊಳ್ಳುತ್ತದೆ. ತೆರೆದು ನೋಡಿದರೆ ಹಿಂದಿನ ದಿನ ಪೂಜೆಯ ಹೊತ್ತಿಗೆ ಆರಿಸಿದ್ದು ಇತ್ತು, ಈಗ ನಾನು ಹಚ್ಚಿದ್ದು ಇತ್ತು. ನಡುವೆ ಏನೂ ಇರಲಿಲ್ಲ.

ವಿವರಣೆ ಹುಡುಕದೆ ಸುಮ್ಮನಿರುವ ಸ್ವಭಾವ ನನ್ನದಲ್ಲ. ಶಿವಮೊಗ್ಗದಲ್ಲಿ ಬೇರೆ ಪ್ರತಿ ಎಲ್ಲಾದರೂ ಇತ್ತೇ ಎಂದು ಕಂಪ್ಯೂಟರುಗಳನ್ನೆಲ್ಲ ಜಾಲಾಡಿದೆ, ಇರಲಿಲ್ಲ. ಪ್ರತಿ ತೆಗೆದಿಟ್ಟ ಟೇಪು ಡಾಕ್ಟರ ಮನೆಯ ಬೀರುವಿನಲ್ಲಿ ಭದ್ರವಾಗಿತ್ತು, ಅದನ್ನು ಓದಲು ಬೇಕಾದ ಯಂತ್ರವೇ ಸುಟ್ಟಿತ್ತು. ಗೆಳೆಯನೊಬ್ಬ, ಆ ನಂಬರ್ ನೀನು ಹಿಂದೆಂದೋ ನೋಡಿರಬೇಕು, ಗಾಬರಿಯಲ್ಲಿ ನೆನಪಾಗಿದೆ ಎಂದ. ಹಾಗಾದರೆ ಪರದೆ ನೋಡಿ ಗಟ್ಟಿಯಾಗಿ ಓದಿದ ವೀಣಾ? ಅವಳು ದಾನಿಗಳ ಪಟ್ಟಿ ಕಂಡದ್ದೇ ಅಂದು ಮೊದಲು.

ಡಾಕ್ಟರಿಗೆ ಮಾತ್ರ ಯಾವ ಗೊಂದಲವೂ ಆಗಲಿಲ್ಲ. ಕೈ ಮುಗಿದು, "ನೋಡಿದ್ರಾ ತಾಯಿ ಮಹಿಮೆ" ಎಂದರು. ಊರೆಲ್ಲ ಹೇಳಿಕೊಂಡು ಬಂದರು. ಸುಟ್ಟ ಯಂತ್ರದ ಬಗ್ಗೆ, ಗುಜರಿಗೆ ಹೋದ ರಿಜಿಸ್ಟರುಗಳ ಬಗ್ಗೆ ಒಂದು ಮಾತಿಲ್ಲ. ನನಗೆ ಅಸಹ್ಯವಾದದ್ದು ಇದೇ. ಒಂದು ಹೆಣ್ಣುಜೀವವನ್ನು ಬಾವಿಯ ಅಂಚಿಗೆ ತಂದು ನಿಲ್ಲಿಸಿದವರಿಗೇ ಆ ಜೀವ ಉಳಿದ ಪುಣ್ಯವೂ ಸಂದಿತು. ಅದು ಯಾವ ಶಕ್ತಿಯೇ ಆಗಿರಲಿ, ಅದರ ಮೇಲೂ ನನಗೆ ಸಿಟ್ಟಿದೆ.

ಮರುವರ್ಷ ಆಯುಧಪೂಜೆ ಬಂತು. ಹೊಸ ಯಂತ್ರ, ಹೊಸ ಹಾರ, ಅದೇ ಅಪ್ಪಣೆ. ಎರಡನ್ನೂ ಒಟ್ಟಿಗೆ ಆರಿಸಲು ನಾನು ಬಿಡುವುದಿಲ್ಲ ಎಂದು ಕೋಣೆಯ ಬಾಗಿಲಿಗೆ ಅಡ್ಡ ನಿಂತೆ. ಎಲ್ಲರೆದುರು ಕೂಗಾಡಿದೆ. ಇಂಥ ಮೂರ್ಖತನಕ್ಕೆ ಇವತ್ತಲ್ಲ ನಾಳೆ ಒಂದು ಹೆಣ ಬೀಳುತ್ತದೆ ಎಂದೆ. ಡಾಕ್ಟರು ಸಿಟ್ಟು ಮಾಡಿಕೊಳ್ಳಲಿಲ್ಲ. ಬಹಳ ಸಮಾಧಾನದಿಂದ ಕೇಳಿದರು.

"ಹೋದ್ವರ್ಷ ಎರಡೂ ಆಫ್ ಇತ್ತಲ್ರೀ. ಸತ್ಲಾ ಅವ್ಳು?"

ನಾನು ಕಲಿತ ವಿದ್ಯೆಯ ಪ್ರಕಾರ ಸಾಯಬೇಕಿತ್ತು. ನನ್ನ ವಾದವೆಲ್ಲ ನಿಂತಿದ್ದುದೇ ಆ ಒಂದು ಮಾತಿನ ಮೇಲೆ. ಪೂಜೆಗೆಂದು ಬಂದಿದ್ದ ರತ್ನ ಅಲ್ಲೇ, ನನ್ನಿಂದ ಮಾರು ದೂರದಲ್ಲಿ, ಮಗುವನ್ನು ಸೊಂಟಕ್ಕೆ ಎತ್ತಿಕೊಂಡು, ಅದರ ಬಾಯಿಗೆ ಒಂದೊಂದೇ ಮಂಡಕ್ಕಿ ಇಡುತ್ತ, ನಾನು ಏನು ಹೇಳುತ್ತೇನೋ ಎಂದು ನನ್ನನ್ನೇ ನೋಡುತ್ತಿದ್ದಳು.