ತಿಥಿಯ ದಿನದ ಮಾತ್ರೆ

ಜಯನಗರ, ಬನಶಂಕರಿ, ಜೆ.ಪಿ. ನಗರದ ಆಚಾರವಂತರ ಮನೆಗಳಲ್ಲಿ ತಿಥಿ ಹತ್ತಿರ ಬಂತೆಂದರೆ, ಪುರೋಹಿತರಿಗೆ ಹೇಳುವ ಮೊದಲೇ ಸತ್ಯಭಾಮಾಳಿಗೆ ಹೇಳುತ್ತಿದ್ದರು. ಪುರೋಹಿತರು ಹೇಗೋ ಸಿಗುತ್ತಾರೆ, ಮಡಿಯಲ್ಲಿ ಅಡುಗೆ ಮಾಡುವವರು ಸಿಗುವುದಿಲ್ಲ. ಕಳೆದ ಮಾಘದಲ್ಲಿ ತೀರಿಕೊಳ್ಳುವವರೆಗೆ ಅವಳು ಈ ಕೆಲಸ ಬಿಡಲಿಲ್ಲ. ಮಡಿ ಸೀರೆ ಇಟ್ಟ ಚೀಲ ಹಿಡಿದು ಬೆಳಗಾಗುವ ಮೊದಲೇ ಆಟೋದಲ್ಲಿ ಹೊರಡುವಳು. ಒಮ್ಮೆ ಮೆಟ್ರೋ ಹತ್ತಲು ಹೋಗಿ, ಚೀಲವನ್ನು ತಪಾಸಣೆಯ ಮೆಷಿನ್ನಿನಲ್ಲಿ ಹಾಕಬೇಕೆಂದ ಹುಡುಗಿಯ ಜೊತೆ ವಾದ ಮಾಡಿ ವಾಪಸು ಬಂದಿದ್ದಳು. ಬೇರೆಯವರ ಸಾರನ್ನು ಅವಳು ಹೊಗಳಿದ್ದನ್ನು ಯಾರೂ ಕೇಳಿಲ್ಲ.

ಅವಳಿಗೆ ಸಕ್ಕರೆ ಕಾಯಿಲೆ ಇರುವುದು ಗೊತ್ತಾದಾಗ ಐವತ್ತೂ ಆಗಿರಲಿಲ್ಲ. ಅವಳ ಅಣ್ಣ ಸೀನುವಿಗೆ ಅದಕ್ಕೂ ಮೊದಲಿನಿಂದ ಇತ್ತು. ಸೀನು ಮಾತ್ರೆ ನುಂಗುತ್ತಿದ್ದ, ಹೋಳಿಗೆಯನ್ನೂ ತಿನ್ನುತ್ತಿದ್ದ, ವರ್ಷಕ್ಕೊಮ್ಮೆ ರಕ್ತ ಕೊಟ್ಟು ಬರುತ್ತಿದ್ದ. ಮೂತ್ರ ಪರೀಕ್ಷೆ ಮಾಡಿಸಿರೆಂದು ಬರೆದುಕೊಟ್ಟರೆ ಅದೊಂದನ್ನು ಬಿಟ್ಟುಬಿಡುತ್ತಿದ್ದ. ಕಾಲು ಊದಿಕೊಂಡು ಚಪ್ಪಲಿ ಹಿಡಿಸದಂತಾದ ಮೇಲೆ ಆಸ್ಪತ್ರೆಗೆ ಹೋದ. ಕಿಡ್ನಿ ಬಹುಪಾಲು ಹೋಗಿತ್ತು. ಆಮೇಲೆ ಡಯಾಲಿಸಿಸ್.

ವಾರಕ್ಕೆರಡು ಸಲ ಅವನ ಜೊತೆ ಕೂರುವವಳು ಸತ್ಯಭಾಮಾಳೇ. ಸೀನು ಅಲ್ಲಿಯೂ ತಮಾಷೆ ಬಿಡುತ್ತಿರಲಿಲ್ಲ. "ಬಾರೇ ಸತ್ಯ. ನನ್ನ ರಕ್ತಾನ ಒಗೆಯೋಕೆ ಹಾಕಿದಾರೆ. ಹಿಂಡಿ ಹರವೋ ತನಕ ಕೂತಿರು." ಅವಳು ನಗುತ್ತಿದ್ದಳು. ನಕ್ಕು, ತೋಳಿನಲ್ಲಿ ಹಗ್ಗದ ಹಾಗೆ ಉಬ್ಬಿದ ಅವನ ನರವನ್ನು ನೋಡದಿರಲು ಕಿಟಕಿಯ ಕಡೆ ತಿರುಗುತ್ತಿದ್ದಳು. ಸೀನು ನಾಲ್ಕು ವರ್ಷ ಹಾಗೆ ಬದುಕಿ ಹೋದ. ಅವನ ವೈಕುಂಠ ಸಮಾರಾಧನೆ ಮುಗಿದ ಸಂಜೆ ಅವಳು ಗೆಳತಿ ಹಂಸಾಳಿಗೆ ಹೇಳಿದಳು: "ಸಾವು ಬಂದ್ರೆ ಬರ್ಲಿ ಕಣೇ. ನನ್ನನ್ನ ಆ ಮೆಷಿನ್ನಿಗೆ ಮಾತ್ರ ಹಾಕ್ಬಾರ್ದು."

ಅಂದಿನಿಂದ ಅವಳು ಮಾಡಿದ ಕಟ್ಟುನಿಟ್ಟಿಗೆ ಮನೆಯವರೇ ಬೇಸತ್ತರು. ಕಾಫಿಗೆ ಸಕ್ಕರೆ ಇಲ್ಲ. ಅನ್ನ ಒಂದು ಹಿಡಿ. ತಾನೇ ಕಲಸಿದ ಒಬ್ಬಟ್ಟಿನ ಹೂರಣವನ್ನು ಮೂಸಿಯೂ ನೋಡುತ್ತಿರಲಿಲ್ಲ. ಸಂಜೆ ಪಾರ್ಕಿನಲ್ಲಿ ನಡೆಯುವಾಗ ಅವಳ ಜೊತೆ ಹೆಜ್ಜೆ ಹಾಕಲಾರದೆ ಗಂಡ ಭಾರ್ಗವ ಕಲ್ಲುಬೆಂಚಿನ ಮೇಲೆ ಕೂತುಬಿಡುತ್ತಿದ್ದ. ಅಷ್ಟಾದರೂ ರಕ್ತ ಪರೀಕ್ಷೆಯಲ್ಲಿ ಸಕ್ಕರೆಯ ಮೂರು ತಿಂಗಳ ಸರಾಸರಿ ಇಳಿಯಲೊಲ್ಲದು. ತಿಲಕ್ ನಗರದ ಕ್ಲಿನಿಕ್ಕಿನ ಡಾಕ್ಟರ್ ಬಿಂದುಶ್ರೀ ಅವಳಿಗಿಂತ ತುಂಬ ಚಿಕ್ಕವರು. ಅವರು ಒತ್ತಾಯದಿಂದ ಮೂತ್ರ ಪರೀಕ್ಷೆಯನ್ನೂ ಮಾಡಿಸಿದರು. ಅದರಲ್ಲಿ ಪ್ರೋಟೀನ್ ಸೋರುತ್ತಿರುವುದು ಕಂಡಿತು.

"ಅಂದ್ರೆ ಕಿಡ್ನಿ ಹೋಯ್ತಾ ಡಾಕ್ಟ್ರೇ?"

"ಇಲ್ಲ ಆಂಟಿ. ಬಾಗಿಲು ತಟ್ಟಿದೆ ಅಷ್ಟೆ. ಈಗ ಹಿಡಿದ್ರೆ ನಿಲ್ಲಿಸ್ಬಹುದು. ಮಾತ್ರೆ ದಿನಾ ತಗೋತೀರಲ್ವಾ?"

"ದಿನಾ ತಗೋತೀನಿ."

ಡಾಕ್ಟರು ಮಾತ್ರೆ ಏರಿಸಿ, ಒಂದು ದಿನವೂ ತಪ್ಪಬಾರದೆಂದು ಎಚ್ಚರಿಸಿ ಕಳಿಸಿದರು.

ಸತ್ಯಭಾಮಾ ಸುಳ್ಳು ಹೇಳಿರಲಿಲ್ಲ. ಕನಿಷ್ಠ ಅವಳ ಲೆಕ್ಕದಲ್ಲಿ. ತಿಥಿಯ ಅಡುಗೆಗೆ ಹೋದ ದಿನ ಅವಳು ಮಾತ್ರೆ ಮುಟ್ಟುತ್ತಿರಲಿಲ್ಲ, ಆದರೆ ಅದನ್ನು ತಪ್ಪಿಸುವುದು ಎಂದು ಅವಳು ತಿಳಿದಿರಲೇ ಇಲ್ಲ. ಪಿತೃಕಾರ್ಯದ ಬ್ರಾಹ್ಮಣರು ಊಟ ಮಾಡಿ ಏಳುವವರೆಗೆ ಅಡುಗೆಯವರ ಬಾಯಿಗೆ ಏನೂ ಹೋಗಬಾರದು. ಅವಳ ಮಟ್ಟಿಗೆ ಕಾಫಿಗೆ ವಿನಾಯಿತಿ ಇತ್ತು, ಕಾಫಿ ತಿಂಡಿಯಲ್ಲ ಎಂದು. ಒಲೆಯ ಮುಂದೆ ನಿಂತು ನೀರನ್ನೂ ಮರೆಯುತ್ತಿದ್ದಳು. ತಿನ್ನದ ಹೊಟ್ಟೆಗೆ ಸಕ್ಕರೆಯ ಮಾತ್ರೆ ಏಕೆ? ತಿಂದರೆ ತಾನೆ ಸಕ್ಕರೆ ಏರುವುದು? ಹೀಗೆಂದುಕೊಂಡು, ಮಧ್ಯಾಹ್ನ ಮೀರಿದ ಮೇಲೆ ಹಸಿವು ತಡೆಯದೆ, ಮನೆಯಲ್ಲಿ ಮುಟ್ಟದ ಅನ್ನ, ವಡೆ, ಪಾಯಸಗಳನ್ನು ಅಲ್ಲಿ ಪ್ರಸಾದವೆಂದು ಉಣ್ಣುತ್ತಿದ್ದಳು. ಪ್ರಸಾದಕ್ಕೆ ಪಥ್ಯವೇ?

ಡಾಕ್ಟರ ಮಾತಿಗೆ ಹೆದರಿದ ಅವಳು ಆ ತಿಂಗಳು ಮೊದಲ ಸಲ ತಿಥಿಯ ದಿನವೂ ಮಾತ್ರೆ ನುಂಗಿ ಹೊರಟಳು. ಏರಿಸಿದ ಮಾತ್ರೆ, ಖಾಲಿ ಹೊಟ್ಟೆ.

ಅಂದು ಹಂಸಾಳ ತಂದೆಯ ತಿಥಿ. ಮನೆ ಜಯನಗರ ಒಂಬತ್ತನೇ ಬ್ಲಾಕಿನಲ್ಲಿ. ಹಂಸಾಳ ತಮ್ಮ ಹಾಲಿನಲ್ಲಿ ಆಚಾರ್ಯರ ಮುಂದೆ ಎಳ್ಳು ನೀರು ಹಿಡಿದು ಕೂತಿದ್ದ. ಹಂಸಾ ಅಡುಗೆಮನೆಯ ಹೊಸ್ತಿಲಾಚೆ ನಿಂತು ಬಾಳೆ ಎಲೆ ಒರೆಸುತ್ತಿದ್ದಳು. ಮಡಿಯಲ್ಲಿಲ್ಲದ್ದರಿಂದ ಒಳಗೆ ಹೋಗುವಂತಿರಲಿಲ್ಲ. ಎಣ್ಣೆಯಲ್ಲಿ ವಡೆ ಕಪ್ಪಾಗುತ್ತಿರುವ ವಾಸನೆ ಬಂತು. ಸತ್ಯಭಾಮಾಳ ಕೈಯಲ್ಲಿ ಒಂದು ವಡೆ ಸೀದದ್ದನ್ನು ಹಂಸಾ ಅದುವರೆಗೆ ಕಂಡಿರಲಿಲ್ಲ.

"ಏನೇ ಅದು, ಸೀಯ್ತಿದೆ?"

ಸತ್ಯಭಾಮಾ ಕಟ್ಟೆಗೆ ಒರಗಿ ನಿಂತಿದ್ದಳು. ಸೀರೆ ಬೆನ್ನಿಗೆ ಅಂಟುವಷ್ಟು ಬೆವರು. ಜಾಲರಿ ಸೌಟು ಹಿಡಿದ ಕೈ ನಡುಗುತ್ತಿತ್ತು. ಪಾಯಸಕ್ಕೆಂದು ಪುಡಿ ಮಾಡಿದ ಬೆಲ್ಲ ತಟ್ಟೆಯಲ್ಲಿ ಕೈಗೆಟಕುವಂತೆಯೇ ಇತ್ತು. ಅವಳು ಅದನ್ನೇ ನೋಡುತ್ತಿದ್ದಳು, ಮುಟ್ಟುತ್ತಿರಲಿಲ್ಲ.

"ಶುಗರ್ ಇಳಿದಿದೆ ಕಣೇ, ಬೆಲ್ಲ ಬಾಯಿಗೆ ಹಾಕ್ಕೊಳೇ!"

"ಇನ್ನೂ... ಎಲೆ ಹಾಕಿಲ್ಲ... ನೀನು ಒಳಗ್ ಬರ್ಬೇಡ."

ಮಾತು ತೊದಲುತ್ತಿತ್ತು. ಹಂಸಾ ಹೊಸ್ತಿಲು ದಾಟಿದಳು, ಒಲೆ ಆರಿಸಿದಳು, ಗೆಳತಿಯ ದವಡೆ ಹಿಡಿದು ಒಂದು ಹಿಡಿ ಬೆಲ್ಲ ತುರುಕಿದಳು. ಆಮೇಲೆ ಇನ್ನೊಂದು ಹಿಡಿ. ಇಬ್ಬರೂ ನೆಲದ ಮೇಲೆ ಕೂತರು. ನಡುಕ ನಿಲ್ಲಲು ಸ್ವಲ್ಪ ಹೊತ್ತು ಹಿಡಿಯಿತು. ಬಾಯಿ ಸ್ವಾಧೀನಕ್ಕೆ ಬಂದೊಡನೆ ಸತ್ಯಭಾಮಾ ಬೈದಳು.

"ಮುಟ್ಬಿಟ್ಯಲ್ಲೇ ಮುಂಡೇದೇ! ಮಾಡಿದ್ದೆಲ್ಲಾ ಹೋಯ್ತು. ಇನ್ನು ಮೊದ್ಲಿಂದ ಮಾಡ್ಬೇಕು."

"ಮಾಡೋಕೆ ನೀನಿದ್ದೀಯಲ್ಲ ಸದ್ಯ. ಅಷ್ಟು ಸಾಕು ನಂಗೆ."

ಸದ್ದು ಕೇಳಿ ಬಾಗಿಲಿಗೆ ಬಂದ ಆಚಾರ್ಯರು ಒಳಗೆ ಒಮ್ಮೆ ನೋಡಿದರು. "ನನಗೆ ಕನ್ನಡಕ ಇಲ್ದೆ ಏನೂ ಕಾಣಲ್ಲಮ್ಮ. ನಿಧಾನವಾಗಿ ಆಗ್ಲಿ," ಎಂದು ಹಿಂತಿರುಗಿದರು. ಕನ್ನಡಕ ಅವರ ಮೂಗಿನ ಮೇಲೆಯೇ ಇತ್ತು. ಆದರೆ ಸತ್ಯಭಾಮಾ ಕೇಳುವವಳಲ್ಲ. ಮತ್ತೆ ತಲೆಗೆ ಸ್ನಾನ ಮಾಡಿ, ಮತ್ತೆ ಬೇಳೆ ಬೇಯಿಸಿದಳು. ಎಲೆ ಹಾಕಿದಾಗ ಹೊತ್ತು ಇಳಿದಿತ್ತು.

ಮಾರನೆಯ ದಿನ ಹಂಸಾ ಅವಳನ್ನು ಬಿಂದುಶ್ರೀಯವರ ಎದುರು ಕೂರಿಸಿ, ತಿಥಿಯ ವಿಷಯವೆಲ್ಲ ಅವಳ ಬಾಯಿಂದಲೇ ಹೇಳಿಸಿದಳು.

"ತಿಂಗಳಿಗೆ ಎಷ್ಟು ಇರತ್ತೆ ಆಂಟಿ ಇಂಥವು?"

"ಹತ್ತೋ ಹನ್ನೆರಡೋ. ಪಕ್ಷಮಾಸದಲ್ಲಿ ದಿನಾ."

ಬಿಂದುಶ್ರೀ ಪೆನ್ನು ಕೆಳಗಿಟ್ಟರು. "ಅಂದ್ರೆ ವರ್ಷದಲ್ಲಿ ಮೂರನೇ ಒಂದು ಭಾಗ ನೀವು ನನ್ನ ಪೇಷಂಟೇ ಅಲ್ಲ."

ಅವರು ಕೂಗಾಡಲಿಲ್ಲ. ಉಪವಾಸದಲ್ಲಿ ಸಕ್ಕರೆಯನ್ನು ಪಾತಾಳಕ್ಕೆ ಇಳಿಸುವ ಮಾತ್ರೆ ತೆಗೆದು ಬೇರೆಯದು ಬರೆದರು. ಬಿಪಿಗೆ ಒಂದು ಮಾತ್ರೆ ಕೊಟ್ಟು, ಇದು ಕಿಡ್ನಿಯನ್ನೂ ಕಾಯುತ್ತದೆ ಎಂದರು. ಸೊಂಟನೋವಿಗೆ ಮೆಡಿಕಲ್ ಶಾಪಿನಲ್ಲಿ ಕೇಳಿ ತೆಗೆದುಕೊಳ್ಳುತ್ತಿದ್ದ ಗುಳಿಗೆ ಬಂದ್. ಸಂಡಿಗೆ, ಬಾಳಕದ ಮೆಣಸಿನಕಾಯಿ, ಉಪ್ಪಿನಕಾಯಿ ರುಚಿಗಷ್ಟೆ.

"ಸಕ್ಕರೆ ಕಾಯಿಲೆಗೂ ಉಪ್ಪಿಗೂ ಏನಮ್ಮ ಸಂಬಂಧ?"

"ಉಪ್ಪು ಬಿಪಿ ಏರ್ಸತ್ತೆ, ಬಿಪಿ ಕಿಡ್ನಿ ತಿನ್ನತ್ತೆ. ಇನ್ನೊಂದು. ಎಂಥ ದಿನವಾದ್ರೂ ಬೆಳಿಗ್ಗೆ ತಿಂಡಿ ತಿನ್ಬೇಕು. ಆಗಲ್ಲ ಅಂದ್ರೆ ಈ ಕೆಲಸ ಬಿಡಿ."

ಸತ್ಯಭಾಮಾ ಒಂದು ವಾರ ಯಾರ ಫೋನನ್ನೂ ಎತ್ತಲಿಲ್ಲ. ಕೆಲಸ ಬಿಟ್ಟರೆ ತಾನು ಯಾರು ಎನ್ನುವುದು ಅವಳಿಗೆ ಗೊತ್ತಿರಲಿಲ್ಲ. ತಿಂದು ಅಡುಗೆ ಮಾಡಿದರೆ, ನಂಬಿ ಕರೆದವರ ಪಿತೃಗಳಿಗೆ ಎಂಜಲು ಬಡಿಸಿದ ಹಾಗೆ ಎಂಬ ಭಯ. ತಿನ್ನದಿದ್ದರೆ ಸೀನು ಮಲಗಿದ್ದ ಹಾಸಿಗೆ. ಕೊನೆಗೆ ಆಚಾರ್ಯರನ್ನೇ ಕೇಳಿದಳು. ರೋಗಿಗೆ ಔಷಧಿ, ಔಷಧಿಗೆ ಬೇಕಾದ ಆಹಾರ, ಎರಡಕ್ಕೂ ದೋಷವಿಲ್ಲ. ತಿಂದು ಆಮೇಲೆ ಸ್ನಾನ ಮಾಡಿ ಮಡಿ ಉಟ್ಟರಾಯಿತು ಎಂದು ಅವರು ಹೇಳಿದರು. ಅದು ಸಾಕಾಗಲಿಲ್ಲ ಅವಳಿಗೆ. ಕದ್ದು ತಿನ್ನಲಾರೆ ಎಂದಳು. ಕರೆದವರಿಗೆಲ್ಲ ಮೊದಲೇ ಹೇಳತೊಡಗಿದಳು: "ನಂಗೆ ಶುಗರ್ ಇದೆ. ಬೆಳಿಗ್ಗೆ ತಿಂಡಿ ತಿಂದು, ಮಾತ್ರೆ ತಗೊಂಡು, ಸ್ನಾನ ಮಾಡಿ ಮಡಿ ಉಡ್ತೀನಿ. ಒಪ್ಪಿಗೆ ಇದ್ರೆ ಬರ್ತೀನಿ."

ಹಲವು ಮನೆಗಳು ತಪ್ಪಿದವು. ಬನಶಂಕರಿ ಎರಡನೇ ಹಂತದ ಒಂದು ಮನೆಯ ಹಿರಿಯ ಸೊಸೆ ಮಾತ್ರ ಬಿಡದೆ ಜಗ್ಗಾಡಿದರು.

"ಅಡುಗೆಯವರು ತಿಂದ್ಬಿಟ್ರೆ ನಮ್ಮ ಮಾವನವರಿಗೆ ಮುಟ್ಟತ್ತೇನ್ರೀ?"

"ನಿಮ್ಮ ಮಾವನವರಿಗೂ ಶುಗರ್ ಇತ್ತಲ್ವಾ? ಅವರಿಗೆ ಅರ್ಥ ಆಗತ್ತೆ ಬಿಡಿ."

ಆ ಮನೆ ಉಳಿಯಿತು.

ಮುಂದಿನ ಹನ್ನೊಂದು ವರ್ಷಗಳಲ್ಲಿ ಹೇಳುವಂಥದ್ದು ಹೆಚ್ಚಿಲ್ಲ. ಆರು ತಿಂಗಳಿಗೊಮ್ಮೆ ರಕ್ತ, ಮೂತ್ರ ಎರಡನ್ನೂ ಕೊಟ್ಟು ಬರುವಳು. ಬೆಳಗಿನ ಮೂತ್ರದ ಬಾಟಲಿಯನ್ನು ದೇವರ ಕೋಣೆಯ ಮುಂದೆ ಒಯ್ಯಬಾರದೆಂದು ಹಿತ್ತಲಿನ ಬಾಗಿಲಿಂದ ಸುತ್ತಿಕೊಂಡು ಹೋಗುವಳು. ಪ್ರೋಟೀನ್ ಸೋರಿಕೆ ಮೊದಲು ಕಡಿಮೆಯಾಯಿತು, ಒಂದು ಸಲ ಏರಿತು, ಡಾಕ್ಟರು ಮಾತ್ರೆ ಬದಲಿಸಿದರು, ಮತ್ತೆ ಇಳಿಯಿತು. ಅವಳಿಗೆ ಬೇಸರವೂ ಬರುತ್ತಿತ್ತು. ಒಂದು ಯುಗಾದಿಗೆ ಎರಡು ಒಬ್ಬಟ್ಟು ತಿಂದು, ಹಂಸಾಳಿಗೆ ಫೋನ್ ಮಾಡಿ, "ತಿಂದೆ ಕಣೇ, ಚೆನ್ನಾಗಿತ್ತು," ಎಂದು ಇಟ್ಟುಬಿಟ್ಟಿದ್ದಳು.

ಕಳೆದ ಮಾಘದ ಒಂದು ಬೆಳಿಗ್ಗೆ ಎದೆ ಬಿಗಿಯಿತು. ಭಾರ್ಗವ, ಹಂಸಾ ಇಬ್ಬರೂ ಆಸ್ಪತ್ರೆಗೆ ಕರೆದೊಯ್ದರು. ಹೃದಯದ ನಾಳಕ್ಕೆ ಡೈ ಬಿಟ್ಟು ನೋಡಬೇಕು, ಅದು ಕಿಡ್ನಿಗೆ ಭಾರ, ಮೊದಲು ಕಿಡ್ನಿ ಹೇಗಿದೆ ನೋಡುತ್ತೇವೆ ಎಂದು ಅಲ್ಲಿಯ ಡಾಕ್ಟರು ರಕ್ತ ತೆಗೆಸಿದರು. ವರದಿ ಬಂದಾಗ ಅವರೇ ಮಂಚದ ಹತ್ತಿರ ಬಂದರು.

"ಇಪ್ಪತ್ತು ವರ್ಷದ ಮೇಲಾಗಿದೆ ಶುಗರ್ ಅಂತೀರ. ಕಿಡ್ನಿ ಚೆನ್ನಾಗೇ ಇಟ್ಕೊಂಡಿದೀರಮ್ಮ."

ಸತ್ಯಭಾಮಾ ಆಮ್ಲಜನಕದ ಮಾಸ್ಕನ್ನು ಸರಿಸಿದಳು. "ಹಂಸಾ, ಕೇಳಿಸ್ತಾ? ಇನ್ನೊಂದು ಸಲ ಹೇಳಿ ಡಾಕ್ಟ್ರೇ, ಇವಳಿಗೆ ಕಿವಿ ಮಂದ."

ಡಾಕ್ಟರು ಇನ್ನೊಂದು ಸಲ ಹೇಳಿದರು. ನರ್ಸ್ ಬಂದು ಮಾಸ್ಕ್ ಮತ್ತೆ ಹಾಕಿದಳು.

ನಾಳಗಳು ಮೂರು ಕಡೆ ಕಟ್ಟಿಕೊಂಡಿದ್ದವು. ಸಕ್ಕರೆ ಹೃದಯವನ್ನೂ ಬಿಡುವುದಿಲ್ಲವೆಂದು ಬಿಂದುಶ್ರೀ ಎಷ್ಟೋ ಸಲ ಹೇಳಿದ್ದರು. ಅವಳು ಹೆದರಿದ್ದು ಇನ್ನೊಂದಕ್ಕೆ. ಆಪರೇಷನ್ನಿಗೆ ದಿನ ಗೊತ್ತಾಗುವ ಮೊದಲೇ, ಮಾರನೆಯ ಮಧ್ಯಾಹ್ನ, ಅವಳು ಹೋದಳು. ಅರವತ್ತೊಂಬತ್ತು ವರ್ಷ.

ಸುದ್ದಿ ತಿಳಿದ ನೆಂಟರು ಫೋನ್ ಮಾಡುತ್ತಿದ್ದರು. ಆಸ್ಪತ್ರೆಯ ಕಾರಿಡಾರಿನಲ್ಲಿ ಗೋಡೆಗೆ ಒರಗಿ ನಿಂತ ಭಾರ್ಗವ ಒಬ್ಬೊಬ್ಬರಿಗೂ ಅದನ್ನೇ ಹೇಳುತ್ತಿದ್ದ. ಹಂಸಾ ಪಕ್ಕದಲ್ಲೇ ನಿಂತು ಕೇಳುತ್ತಿದ್ದಳು.

"ಹೂಂ... ಹಾರ್ಟು. ಇಲ್ಲ ಇಲ್ಲ, ಸೀನು ಥರ ಅಲ್ಲ. ಡಯಾಲಿಸಿಸ್ ಏನೂ ಇರ್ಲಿಲ್ಲ. ಒಂದು ದಿನಾನೂ ಇರ್ಲಿಲ್ಲ."