ಅಕ್ಕ ತಂದ ಎರಡು ಅಡಾಪ್ಟರ್

ನಮ್ಮಕ್ಕ ಕೂತಲ್ಲಿ ಕೂರುವವಳಲ್ಲ, ನಿಂತಲ್ಲಿ ನಿಲ್ಲುವವಳಲ್ಲ. ಆ ಗುರುವಾರವಂತೂ ಕಾಲಿಗೆ ಚಕ್ರ ಕಟ್ಟಿಕೊಂಡಿದ್ದಳು.

ಅವಳದು ಆಸ್ಪತ್ರೆಯ ಕೆಲಸ, ಆದರೆ ಮಾಡುವುದು ಮನೆಯಿಂದ. ಕಿವಿ ಕೇಳಿಸದ ರೋಗಿಗಳು ಅಲ್ಲಿ ಡಾಕ್ಟರ ಎದುರು ಕೂತಿರುತ್ತಾರೆ. ಡಾಕ್ಟರ ಮಾತನ್ನು ಅಕ್ಕ ಲ್ಯಾಪ್‌ಟಾಪಿನ ಮುಂದೆ ಕೂತು ಸನ್ನೆ ಮಾಡಿ ತಿಳಿಸಬೇಕು, ಅವರ ಸನ್ನೆಯನ್ನು ಡಾಕ್ಟರಿಗೆ ಬಾಯಲ್ಲಿ ಹೇಳಬೇಕು. ನಮ್ಮಮ್ಮನಿಗೆ ಹುಟ್ಟಿನಿಂದ ಕಿವಿ ಕೇಳಿಸದು. ಹಾಗಾಗಿ ಅಕ್ಕನಿಗೆ ಬಾಯಿಗಿಂತ ಮೊದಲು ಕೈ ಬಂತು. ತಮ್ಮನಾದ ನನ್ನದು ಎರಡೂ ಅರ್ಧಂಬರ್ಧ.

ಹಿಂದಿನ ವಾರ ಅವಳ ಲ್ಯಾಪ್‌ಟಾಪಿನ ವೈಫೈ ಕೈಕೊಟ್ಟಿತ್ತು. ಆಪರೇಷನ್ನಿಗೆ ಮೊದಲು ಒಂದು ಮಾತ್ರೆ ನಿಲ್ಲಿಸಬೇಕೆಂದು ಡಾಕ್ಟರು ಹೇಳಿದ್ದರು. ಅಕ್ಕನ ಕೈ ‘ಮಾತ್ರೆ’ ಎಂದು ತೋರಿಸುವಷ್ಟರಲ್ಲಿ ಚಿತ್ರ ಅಲ್ಲೇ ಸಿಕ್ಕಿಕೊಂಡಿತು. ಆ ಕಡೆಯಿದ್ದ ಹೆಂಗಸು ಅರ್ಥವಾದಂತೆ ತಲೆಯಾಡಿಸಿದರು, ಮನೆಗೆ ಹೋಗಿ ತಪ್ಪದೆ ಮಾತ್ರೆ ನುಂಗಿದರು, ಆಪರೇಷನ್ ಮುಂದಕ್ಕೆ ಹೋಯಿತು. ಈಗ ಶುಕ್ರವಾರ ಬೆಳಿಗ್ಗೆ ಹನ್ನೊಂದಕ್ಕೆ ಮತ್ತೆ ಅದೇ ಹೆಂಗಸು, ಅದೇ ಡಾಕ್ಟರು. ಇನ್ನೊಮ್ಮೆ ಹೀಗಾದರೆ ಅವರ ಜೀವಕ್ಕೇ ಸಂಚಕಾರ ಎಂದು ಅಕ್ಕ ಲ್ಯಾಪ್‌ಟಾಪಿಗೆ ಸಿಕ್ಕಿಸುವ ಹೊಸ ವೈಫೈ ಅಡಾಪ್ಟರ್ ತರಲು ಹೊರಟಳು.

“ರೂಟರ್ ಹಾಲ್‌ನಲ್ಲೇ ಇದೆ, ಅಲ್ಲೇ ಕೂತ್ಕೊಂಡು ಮಾಡು” ಎಂದೆ.

“ರೋಗಿಯ ವಿಷಯ ನಿನ್ನ ಕಿವಿಗೆ ಯಾಕೆ ಬೀಳ್ಬೇಕು?” ಎಂದು ನನ್ನನ್ನೇ ಗದರಿ ಅಂಗಡಿಗೆ ಎಳೆದುಕೊಂಡು ಹೋದಳು.

ಅಂಗಡಿಯವನು ಉಗುರಿನಷ್ಟು ಚಿಕ್ಕದೊಂದು ಅಡಾಪ್ಟರ್ ತೋರಿಸಿದ. “ಇದ್ ತಗೊಳ್ಳಿ ಮೇಡಂ, ಸಿಕ್ಕಿಸಿದ್ದೇ ಗೊತ್ತಾಗಲ್ಲ. ಎಂಥಾ ಸಿನಿಮಾನೂ ಸಲೀಸಾಗಿ ಓಡುತ್ತೆ.”

“ನಂಗೆ ನೋಡೋಕಲ್ಲ, ತೋರಿಸೋಕೆ ಬೇಕು. ನನ್ನ ಕೈ ಆ ಕಡೆಗೆ ನಿಲ್ಲದೆ ಹೋಗ್ಬೇಕು.”

ಅವನು ಎರಡು ಆಂಟೆನಾ ಇರುವ ಇನ್ನೊಂದನ್ನು ತೆಗೆದ. ಎರಡು ಗೋಡೆ ದಾಟುತ್ತದೆಯೇ, ಅಕ್ಕಪಕ್ಕದ ಮನೆಯ ವೈಫೈಗಳೆಲ್ಲ ಅಡ್ಡ ಬಂದರೆ ಹೇಗೆ, ಲ್ಯಾಪ್‌ಟಾಪಿನ ಯಾವ ಕಿಂಡಿಗೆ ಸಿಕ್ಕಿಸಬೇಕು ಎಂದು ಅಕ್ಕ ಅವನ ತಲೆ ತಿಂದಳು. ಕೊನೆಗೆ ಅವನು, “ತಾಯಿ, ಎರಡನ್ನೂ ಒಯ್ದು ನೋಡಿ. ಬೇಡದ್ದನ್ನ ನಾಳೆ ತಂದ್ಕೊಡಿ” ಎಂದು ಕೈಮುಗಿದ.

ಮಧ್ಯಾಹ್ನ ಪರೀಕ್ಷೆ. ಅಕ್ಕ ಕೋಣೆಯಲ್ಲಿ, ನಾನು ಮತ್ತು ಅಮ್ಮ ಫೋನ್ ಹಿಡಿದು ಮಹಡಿಯ ಮೇಲೆ. ಮೊದಲು ಚಿಕ್ಕದು. ಪರದೆಯ ಮೇಲೆ ಅಕ್ಕನ ಕೈ ಗಾಳಿಯಲ್ಲೇ ನಿಂತುಬಿಟ್ಟಿತು, ಸ್ವಲ್ಪ ಹೊತ್ತಿಗೆ ಬೇರೆಲ್ಲೋ ಕಾಣಿಸಿತು. ಅಮ್ಮ ನಗುತ್ತಾ ತಲೆಯಾಡಿಸಿದಳು. ಅಕ್ಕ ಕೆಳಗಿನಿಂದಲೇ, “ಇದೇ ಸಾಕು ಕಣೋ!” ಎಂದು ಕೂಗಿದಳು.

ನನಗೆ ಅನುಮಾನ ಬಂತು. ಅವಳು ಏನು ಹೇಳಿದಳೆಂದು ಅಮ್ಮನನ್ನು ಕೇಳಿದೆ. ಅಮ್ಮನ ಕೈ ಮೆಲ್ಲಗೆ ಹೇಳಿತು: ‘ಏನೂ ಗೊತ್ತಾಗಲಿಲ್ಲ. ಪಾಪ, ಅಷ್ಟು ಕಷ್ಟಪಡ್ತಿದ್ದಾಳೆ. ಇಲ್ಲ ಅಂದ್ರೆ ಬೇಜಾರು ಮಾಡ್ಕೊಳ್ತಾಳೆ.’

ನಾನು ಕೂಗಿ ಹೇಳಿದ್ದೇ ತಡ, ಅಕ್ಕ ಮೆಟ್ಟಿಲು ಹಾರಿಕೊಂಡು ಬಂದಳು. ‘ಯಾವತ್ತಿಂದ ಹೀಗೆ ಮಾಡ್ತಿದ್ದೀಯ?’ ಎಂದು ಕೈಯಲ್ಲೇ ಜಗಳ ತೆಗೆದಳು.

ಅಮ್ಮನ ಕೈ ಉತ್ತರ ಕೊಟ್ಟಿತು: ‘ಮೊದಲಿಂದಲೂ. ನಿಮ್ಮಪ್ಪ ಉಳಿಯಲ್ಲ ಅಂತ ಡಾಕ್ಟರು ಹೇಳಿದ್ದನ್ನ ನೀನು ನನಗೆ ತಿಳಿಸಿದ ದಿನವೂ. ನಿನಗಾಗ ಒಂಬತ್ತು ವರ್ಷ. ನಿನ್ನ ಕೈ ಅರ್ಧಕ್ಕೇ ನಿಂತುಹೋಯ್ತು. ನನಗೆ ಏನೂ ತಿಳಿಯಲಿಲ್ಲ, ತಲೆಯಾಡಿಸಿದೆ.’

ಅಕ್ಕ ಅಷ್ಟು ಹೊತ್ತು ಒಂದೇ ಕಡೆ ನಿಂತದ್ದನ್ನು ನಾನು ಎಂದೂ ನೋಡಿರಲಿಲ್ಲ. ನನಗೆ ಅಳು ಬಂತು, ಅವಳಿಗೆ ಬರಲಿಲ್ಲ. ಕೆಳಗಿಳಿದು ದೊಡ್ಡ ಅಡಾಪ್ಟರನ್ನು ಸಿಕ್ಕಿಸಿದಳು. ತಾನು ಹೇಳಿದ ಪ್ರತಿಯೊಂದನ್ನೂ ಅಮ್ಮನ ಕೈಯಿಂದ ತಿರುಗಿ ಹೇಳಿಸಿದಳು. ಒಂದೂ ತಪ್ಪಲಿಲ್ಲ.

ಶುಕ್ರವಾರ ಹನ್ನೊಂದಕ್ಕೆ ಅವಳ ಕೋಣೆಯ ಬಾಗಿಲು ಮುಚ್ಚಿತು. ಕೇಳಬಾರದಿತ್ತು, ಆದರೆ ಬಾಗಿಲಿಗೆ ಕಿವಿಗೊಟ್ಟೆ.

“ಅವರು ತಲೆ ಆಡಿಸಿದ್ದಾರೆ ಅಷ್ಟೆ ಡಾಕ್ಟರೇ. ಏನು ಅರ್ಥ ಆಯ್ತು ಅಂತ ಅವರೇ ಹೇಳ್ಲಿ” ಎಂದಳು ಅಕ್ಕ.

“ಹೊರಗೆ ಇನ್ನೂ ಹತ್ತು ಜನ ಕಾಯ್ತಿದ್ದಾರಮ್ಮ.”

“ಕಾಯ್ಲಿ ಬಿಡಿ.”

ಆ ಕಡೆ ಹೆಂಗಸು ಸನ್ನೆ ಮಾಡುತ್ತಿದ್ದಿರಬೇಕು. ಆಮೇಲೆ ಅಕ್ಕ ಆ ಹೆಂಗಸಿನ ಮಾತನ್ನು ಆಡತೊಡಗಿದಳು.

“ಮಾತ್ರೆ ನಿಲ್ಲಿಸ್ಬೇಕು, ಅದು ಗೊತ್ತಾಯ್ತು. ಆದ್ರೆ ನನ್ನ ಹೊಟ್ಟೆ ಒಳಗೆ ಏನಾಗಿದೆ? ಅದನ್ನ ನಂಗೆ ಇಲ್ಲೀವರೆಗೆ ಯಾರೂ ಹೇಳಿಲ್ಲ.”

ಲ್ಯಾಪ್‌ಟಾಪಿನಿಂದ ಡಾಕ್ಟರು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡ ಸದ್ದು ಕೇಳಿಸಿತು.